ಬಿಸಿಲನ್ನು ಕಿಟಕಿ ಹೊರಗೇ ತಡೆಯುವುದು ಹೇಗೆ? ಸಜ್ಜಾ, ಲೂವರ್, ಜಾಲಿ, ತಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಅದರ ಹಿಂದೆಯೇ ನನಗೆ ಫೋನುಗಳು ಶುರು. "ಮೇಲಿನ ರೂಮಲ್ಲಿ ಕೂರೋಕೇ ಆಗ್ತಿಲ್ಲ ಸಾರ್, ಎಸಿ ಹಾಕಿಸೋಣ ಅಂತಿದೀವಿ." ಎಸಿ ಬೇಡ ಅನ್ನುವವನಲ್ಲ ನಾನು. ಆದರೆ ಕಿಟಕಿಯಿಂದ ಬಿಸಿಲು ಒಳಗೆ ಸುರಿಯುತ್ತಿರುವಾಗ ಎಸಿ ಹಾಕುವುದು, ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಬೆಂಗಳೂರಿನಲ್ಲಿ ಮನೆಗಳ ಡ್ರಾಯಿಂಗ್ ಮಾಡಿಕೊಂಡು, ಸೈಟು ಓಡಾಡಿಕೊಂಡು ಇರುವ ನನಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಲೆಕ್ಕಗಳೆಲ್ಲ ಕರ್ನಾಟಕದ ಬಿಸಿಲಿಗೆ.

ಒಂದು ಮಾತು ಮೊದಲೇ. ನಮ್ಮಲ್ಲಿ ಸಜ್ಜಾ ಅಂದರೆ ಎಷ್ಟೋ ಜನರಿಗೆ ಅಡುಗೆಮನೆಯಲ್ಲಿ ಹಳೇ ಪಾತ್ರೆ ತುಂಬಿಡುವ ಅಟ್ಟ. ಇಲ್ಲಿ ಹೇಳುತ್ತಿರುವುದು ಹೊರಗೆ, ಕಿಟಕಿ ತಲೆ ಮೇಲೆ ಚಾಚಿಕೊಂಡಿರುವ ಸಜ್ಜಾ.

ಒಳಗೆ ದಪ್ಪ ಕರ್ಟನ್ ಹಾಕಿದ್ದೇವೆ. ಹೊರಗೂ ಏನಾದರೂ ಬೇಕಾ?

ಬೇಕು. ಬಿಸಿಲು ಗಾಜು ದಾಟಿ ಕರ್ಟನ್ ಮೇಲೆ ಬಿದ್ದಾಗ ಕರ್ಟನ್ ಕಾಯುತ್ತದೆ. ಕಾದ ಬಟ್ಟೆ ಆ ಶಾಖವನ್ನು ರೂಮಿಗೇ ಬಿಡುತ್ತದೆ. ಬಿಸಿಲಿನ ಬೆಳಕನ್ನು ಸಲೀಸಾಗಿ ಒಳಗೆ ಬಿಡುವ ಗಾಜು, ಕಾದ ವಸ್ತುವಿನಿಂದ ಬರುವ ಶಾಖವನ್ನು ಅಷ್ಟೇ ಸಲೀಸಾಗಿ ಹೊರಗೆ ಬಿಡುವುದಿಲ್ಲ. ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆಗುವುದು ಇದೇ. ಬಿಳಿ ಕರ್ಟನ್ ಆದರೆ ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತದೆ, ಕಡು ಬಣ್ಣದ್ದು ಅದನ್ನೂ ಮಾಡುವುದಿಲ್ಲ.

ಒಂದು ಅಂದಾಜು ಕೊಡುತ್ತೇನೆ. ನಾಲ್ಕಡಿಗೆ ನಾಲ್ಕಡಿ ಕಿಟಕಿ ಅಂದರೆ ಸುಮಾರು ಒಂದೂವರೆ ಚದರ ಮೀಟರ್. ಬೇಸಿಗೆಯ ಸಂಜೆ ಪಶ್ಚಿಮದ ಗೋಡೆಯ ಮೇಲೆ ಪ್ರತಿ ಚದರ ಮೀಟರ್‌ಗೆ 600 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ಮಾಮೂಲಿ ಬಿಳಿ ಗಾಜು ಅದರಲ್ಲಿ ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ಗುಣಿಸಿದರೆ 700 ವ್ಯಾಟ್. ಏಪ್ರಿಲ್ ತಿಂಗಳಲ್ಲಿ, ಸಂಜೆ ನಾಲ್ಕು ಗಂಟೆಗೆ, ಬೆಡ್‌ರೂಮಿನಲ್ಲಿ ಒಂದು ಚಿಕ್ಕ ರೂಮ್ ಹೀಟರ್ ಆನ್ ಮಾಡಿ ಕೂತ ಲೆಕ್ಕ. ಇಂಥ ಕಿಟಕಿ ಎರಡಿದ್ದರೆ ಎರಡು ಹೀಟರ್.

ಸರಿ, ಎಲ್ಲಿಂದ ಶುರು ಮಾಡಬೇಕು?

ಕ್ಯಾಟಲಾಗ್‌ನಿಂದ ಅಲ್ಲ, ದಿಕ್ಕಿನಿಂದ. ಯಾವ ಕಿಟಕಿ ಯಾವ ಕಡೆ ನೋಡುತ್ತಿದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಫೋನಿನ ಕಂಪಾಸ್ ಸಾಕು. ಆದರೆ ಕಿಟಕಿ ಗ್ರಿಲ್ ಪಕ್ಕ ಹಿಡಿದು ನೋಡಬೇಡಿ. ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ಎಲ್ಲೆಲ್ಲಿಗೋ ತಿರುಗುತ್ತದೆ. ರಸ್ತೆಗೆ ಇಳಿದು, ಗೋಡೆಗೆ ಸಮನಾಗಿ ನಿಂತು ನೋಡಿ. "ನಮ್ಮದು ಪೂರ್ವದ ಬಾಗಿಲು" ಅಂತ ಖಚಿತವಾಗಿ ಹೇಳಿದ ಎಷ್ಟೋ ಮನೆಗಳು ಅಳೆದಾಗ 20–30 ಡಿಗ್ರಿ ತಿರುಗಿರುತ್ತವೆ. ವಾಸ್ತುವಿನವರು ಬೇಕಾದರೆ ಒಪ್ಪಿಕೊಳ್ಳಲಿ, ಬಿಸಿಲು ಒಪ್ಪುವುದಿಲ್ಲ.

ಆಮೇಲೆ ಒಂದು ದಿನ ಮನೆಯಲ್ಲೇ ಇದ್ದು, ಯಾವ ಕಿಟಕಿಯಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬಂತು, ಎಷ್ಟು ಹೊತ್ತಿಗೆ ಹೋಯಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಎದುರುಗಡೆ ಮೂರು ಮಹಡಿ ಕಟ್ಟಡ ಇದ್ದು, ಸಂಜೆ ಪೂರ್ತಿ ಅದರ ನೆರಳೇ ನಿಮ್ಮ ಮೇಲೆ ಬೀಳುತ್ತಿದ್ದರೆ ಆ ಕಿಟಕಿಗೆ ಒಂದು ರೂಪಾಯಿಯೂ ಖರ್ಚು ಮಾಡಬೇಕಿಲ್ಲ.

ದಕ್ಷಿಣದ ಕಿಟಕಿಗೆ ಎಷ್ಟು ಅಡಿ ಸಜ್ಜಾ ಬೇಕು?

ಎರಡಡಿ ಸಾಕು. ಇದು ಎಲ್ಲಕ್ಕಿಂತ ಸುಲಭದ ದಿಕ್ಕು, ಆದರೆ ಜನ ಹೆದರುವುದು ಇದಕ್ಕೇ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಾರ್ಚ್ 21ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ, ಅಂದರೆ ಹೆಚ್ಚುಕಡಿಮೆ ನೆತ್ತಿ ಮೇಲೆ. ಆಗ ನಾಲ್ಕಡಿ ಎತ್ತರದ ಕಿಟಕಿಯನ್ನು ಪೂರ್ತಿ ಮುಚ್ಚಲು ಒಂದಡಿ ಸಜ್ಜಾ ಸಾಕು. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆವತ್ತು ಮಧ್ಯಾಹ್ನ ಶೂನ್ಯ ನೆರಳು ಅಂತ ಮಕ್ಕಳು ಲೋಟ, ಪೈಪು ನಿಲ್ಲಿಸಿ ಫೋಟೊ ತೆಗೆಯುತ್ತಾರಲ್ಲ, ಅದೇ ದಿನ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಅಷ್ಟೂ ದಿನ ದಕ್ಷಿಣದ ಗೋಡೆಗೆ ನೇರ ಬಿಸಿಲೇ ಇಲ್ಲ!

ಡಿಸೆಂಬರ್‌ನಲ್ಲಿ ಮಾತ್ರ ಸೂರ್ಯ ದಕ್ಷಿಣಕ್ಕೆ ಬಾಗಿ, ಮಧ್ಯಾಹ್ನ 54 ಡಿಗ್ರಿಗೆ ಇಳಿಯುತ್ತಾನೆ. ಆಗ ಎರಡಡಿ ಸಜ್ಜಾ ಕಿಟಕಿಯ ಮೇಲಿನ ಎರಡೂಮುಕ್ಕಾಲು ಅಡಿಗೆ ನೆರಳು ಕೊಡುತ್ತದೆ, ಕೆಳಗಿನ ಒಂದೂಕಾಲು ಅಡಿಯಷ್ಟರಲ್ಲಿ ಬಿಸಿಲು ಒಳಗೆ ಬರುತ್ತದೆ. ಬರಲಿ ಬಿಡಿ. ಚಳಿಗಾಲದಲ್ಲಿ ಅಜ್ಜಿ ಕೂರುವುದು ಅಲ್ಲೇ ಅಲ್ವಾ?

ಕಲಬುರಗಿ, ಬೀದರ್ ಕಡೆ ಸೂರ್ಯ ಇನ್ನು ನಾಲ್ಕೈದು ಡಿಗ್ರಿ ಕೆಳಗೆ ಕಾಣುತ್ತಾನೆ. ಅಲ್ಲಿಗೆ ಎರಡೂವರೆ ಅಡಿ ಮಾಡಿಸಿ. ಸಜ್ಜಾ ಕಿಟಕಿಯ ಎರಡೂ ಪಕ್ಕ ಅರ್ಧ ಅಡಿಯಾದರೂ ಜಾಸ್ತಿ ಚಾಚಿರಲಿ. ಸೂರ್ಯ ಯಾವಾಗಲೂ ನೇರ ಎದುರಿಗೇ ನಿಲ್ಲುವುದಿಲ್ಲ.

ಪಶ್ಚಿಮಕ್ಕೂ ಅದೇ ಎರಡಡಿ ಹಾಕಿಸಿದರೆ?

ಮಳೆಗೆ ಆಗುತ್ತದೆ, ಸಂಜೆ ಬಿಸಿಲಿಗೆ ಆಗುವುದಿಲ್ಲ.

ಏಪ್ರಿಲ್ ಮಧ್ಯದಲ್ಲಿ ಸಂಜೆ ನಾಲ್ಕಕ್ಕೆ ಬೆಂಗಳೂರಿನ ಸೂರ್ಯ ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕಡಿ ಕಿಟಕಿಯನ್ನು ಸಜ್ಜಾ ಒಂದರಿಂದಲೇ ಮುಚ್ಚಬೇಕು ಅಂದರೆ ಅದು ಐದೂವರೆ ಅಡಿ ಚಾಚಬೇಕು. ಐದು ಗಂಟೆಗೆ ಸೂರ್ಯ 21–22 ಡಿಗ್ರಿಗೆ ಇಳಿದಿರುತ್ತಾನೆ. ಆಗ ಹತ್ತಡಿ ಬೇಕು! ಹತ್ತಡಿ ಸಜ್ಜಾ ಅಂದರೆ ಅದು ಸಜ್ಜಾ ಅಲ್ಲ, ಪಕ್ಕದ ಮನೆಯವರ ಚಾವಣಿ.

ನಮ್ಮ ಹಿರಿಯರು ಅಷ್ಟು ಉದ್ದ ಚಾಚಿದ್ದೂ ಉಂಟು. ಅದಕ್ಕೆ ಜಗುಲಿ ಅಂತ ಹೆಸರು. ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಾಡು ಎಷ್ಟು ಕೆಳಗೆ ಇಳಿದಿರುತ್ತದೆ ಅಂದರೆ ಉದ್ದನೆಯವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಗೆ ಬಿಸಿಲೂ ಇಲ್ಲ, ಇರಚಲೂ ಇಲ್ಲ. ಮೂವತ್ತು–ನಲವತ್ತರ ಸೈಟಿನಲ್ಲಿ ಆ ಭಾಗ್ಯ ನಮಗಿಲ್ಲ.

ಹಾಗಾದರೆ ಪಶ್ಚಿಮಕ್ಕೆ ಏನು ಮಾಡಬೇಕು?

ತಲೆ ಮೇಲೆ ಟೋಪಿ ಹಾಕಿದರೆ ಸಾಲದು, ಮುಖದ ಮುಂದೆ ಏನಾದರೂ ಹಿಡಿಯಬೇಕು. ಅಂದರೆ ಕಿಟಕಿ ಎದುರಿಗೇ ಒಂದು ಮರೆ. ಲೂವರ್ (ಸಂದಿ ಬಿಟ್ಟು ಸಾಲಾಗಿ ಜೋಡಿಸಿದ ಪಟ್ಟಿಗಳು), ಜಾಲಿ (ತೂತು ತೂತಿನ ಗೋಡೆ), ಬಿದಿರು ತಟ್ಟಿ, ಹೊರಗೆ ಇಳಿಬಿಡುವ ಸ್ಕ್ರೀನ್, ಬಳ್ಳಿ, ಇವುಗಳಲ್ಲಿ ಯಾವುದಾದರೂ ಒಂದು.

ಖಾಯಂ ಕೆಲಸ ಬೇಕು ಅನ್ನುವವರಿಗೆ ನಾನು ಹೇಳುವುದು ಅಡ್ಡ ಪಟ್ಟಿಯ ಲೂವರ್. ಆದರೆ ಪಟ್ಟಿ ಎಷ್ಟು ಅಗಲ, ಎಷ್ಟು ದೂರ, ಎಷ್ಟು ಓರೆ ಅನ್ನುವುದರಲ್ಲೇ ಎಲ್ಲ ಇರುವುದು. ನಾಲ್ಕಿಂಚು ಅಗಲದ ಪಟ್ಟಿಯನ್ನು ನಾಲ್ಕಿಂಚಿಗೊಂದರಂತೆ ಮಟ್ಟಸವಾಗಿ, ಶೆಲ್ಫ್ ಥರ ಕೂರಿಸಿದರೆ 45 ಡಿಗ್ರಿಗಿಂತ ಮೇಲಿನ ಬಿಸಿಲು ಮಾತ್ರ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಸೂರ್ಯ ಆ ಮಟ್ಟಕ್ಕೆ ಮೂರೂವರೆ ಗಂಟೆಗೇ ಬಂದುಬಿಡುತ್ತಾನೆ. ಅಸಲಿ ಕಾಟ ಶುರುವಾಗುವ ಹೊತ್ತಿಗೆ ಲೂವರ್ ಕೈಬಿಟ್ಟಿರುತ್ತದೆ. ಅದೇ ಪಟ್ಟಿಯನ್ನು, ಅದೇ ದೂರದಲ್ಲಿ, ಹೊರಅಂಚು ಕೆಳಗೆ ಬರುವಂತೆ 45 ಡಿಗ್ರಿ ಓರೆ ಮಾಡಿ. ಈಗ 22 ಡಿಗ್ರಿವರೆಗಿನ ಬಿಸಿಲು ನಿಲ್ಲುತ್ತದೆ, ಅಂದರೆ ಹೆಚ್ಚುಕಡಿಮೆ ಐದು ಗಂಟೆವರೆಗೆ. ಆಮೇಲೆ ಬರುವ ಬಿಸಿಲಿಗೆ ಅಷ್ಟು ಖಾರ ಇರುವುದಿಲ್ಲ. ವಸ್ತು ಅದೇ, ಪಟ್ಟಿಗಳ ಸಂಖ್ಯೆಯೂ ಅದೇ. ಬದಲಾಗಿದ್ದು ಓರೆ ಮಾತ್ರ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಶುರುವಿನ ದಿನಗಳಲ್ಲಿ ಒಂದು ಮನೆಗೆ ಆರಿಂಚಿಗೊಂದು ಮೂರಿಂಚಿನ ಪಟ್ಟಿ ಬರೆದುಕೊಟ್ಟೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ. ಮನೆಯವರು ಬೇಸಿಗೆಯಲ್ಲಿ ಕರೆದು ಸೋಫಾ ತೋರಿಸಿದರು. ಬಟ್ಟೆಯ ಮೇಲೆ ಬಿಸಿಲಿನ ಪಟ್ಟೆ ಪಟ್ಟೆ, ಹುಲಿ ಮಲಗಿದ ಹಾಗೆ. ಮಧ್ಯೆ ಮಧ್ಯೆ ಇನ್ನೊಂದೊಂದು ಪಟ್ಟಿ ನನ್ನ ಖರ್ಚಿನಲ್ಲೇ ಹಾಕಿಸಿಕೊಟ್ಟೆ.

ಗೋಡೆಯಿಂದ ಹೊರಚಾಚಿ ಉದ್ದುದ್ದ ನಿಂತ ಹಲಗೆಗಳು, ಅಂದರೆ ಫಿನ್‌ಗಳು? ಎಲಿವೇಷನ್‌ಗೆ ಅದೇ ಚೆಂದ ಅಂತಾರೆ.

ಎಲಿವೇಷನ್‌ಗೆ ಚೆಂದವೇ. ಆದರೆ "ಪಶ್ಚಿಮಕ್ಕೆ ಲಂಬ ಫಿನ್" ಅನ್ನುವ ಸೂತ್ರವನ್ನು ನಮ್ಮಲ್ಲಿ ಕಣ್ಣುಮುಚ್ಚಿ ಒಪ್ಪಬೇಡಿ. ಏಪ್ರಿಲ್ ಸಂಜೆ ನಮ್ಮ ಸೂರ್ಯ ಪಶ್ಚಿಮದ ಗೋಡೆಗೆ ನೆಟ್ಟಗೆ ಎದುರಿಗೇ ಬರುತ್ತಾನೆ. ಗೋಡೆಗೆ ನೇರವಾಗಿ ನಿಲ್ಲಿಸಿದ ಫಿನ್‌ಗಳ ಸಂದಿಯಿಂದ, ತೆರೆದ ಬಾಗಿಲಿನಿಂದ ಬಂದ ಹಾಗೆ ಬರುತ್ತಾನೆ. ಫಿನ್ ಬೇಕೇ ಬೇಕು ಅಂದರೆ ಓರೆಯಾಗಿ, ಒಂದರ ಹಿಂದೆ ಒಂದು ಅಡಗುವ ಹಾಗೆ ನಿಲ್ಲಿಸಿ. ಅಥವಾ ತಿರುಗಿಸಲು ಬರುವಂಥದ್ದು ಹಾಕಿಸಿ.

ಫಿನ್ ನಿಜಕ್ಕೂ ಕೆಲಸ ಮಾಡುವುದು ಉತ್ತರದ ಗೋಡೆಯಲ್ಲಿ.

ಉತ್ತರದಲ್ಲಿ ಬಿಸಿಲೇ ಬರುವುದಿಲ್ಲ ಅಲ್ವಾ?

ಯೂರೋಪಿನಲ್ಲಿ ಬರೆದ ಪುಸ್ತಕ ಓದಿದವರು ಹೀಗೆ ಹೇಳುತ್ತಾರೆ. ದಕ್ಷಿಣ ಕರ್ನಾಟಕದಲ್ಲಿ ಮೇ, ಜೂನ್, ಜುಲೈ ಪೂರ್ತಿ ಸೂರ್ಯ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡ ಕಾಪಾಡುತ್ತದೆ, ಮೇ ತಿಂಗಳಲ್ಲಿ ಕಾಪಾಡುವವರಿಲ್ಲ. ಮಧ್ಯಾಹ್ನ ಅವನು ತುಂಬ ಎತ್ತರದಲ್ಲಿರುವುದರಿಂದ ಒಂದಡಿ ಸಜ್ಜಾ ಸಾಕು. ಸಂಜೆ ವಾಯುವ್ಯದಿಂದ ಗೋಡೆಗೆ ಓರೆಯಾಗಿ ಬರುವ ಬಿಸಿಲಿಗೆ, ಕಿಟಕಿಯ ಪಶ್ಚಿಮದ ಪಕ್ಕದಲ್ಲಿ ಒಂದೂವರೆ ಅಡಿಯ ಒಂದೇ ಒಂದು ಫಿನ್ ನಿಲ್ಲಿಸಿ.

ಪೂರ್ವಕ್ಕೆ?

ಲೆಕ್ಕ ಪಶ್ಚಿಮದ್ದೇ, ಹೊತ್ತು ಬೇರೆ. ಬೆಂಗಳೂರು, ಮೈಸೂರಿನಲ್ಲಿ ಬೆಳಗಿನ ಬಿಸಿಲು ಹಿತವಾಗಿರುತ್ತದೆ, ಇಳಿಬಿಡುವ ಒಂದು ತಟ್ಟಿ ಸಾಕು. ರಾಯಚೂರು, ಬಳ್ಳಾರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಉರಿ ಶುರು. ಅಲ್ಲಿ ಪೂರ್ವಕ್ಕೂ ಪಶ್ಚಿಮದ ಮರ್ಯಾದೆಯೇ ಕೊಡಿ.

ಜಾಲಿ ಕಟ್ಟಿಸಿದರೆ ಮನೆ ಕತ್ತಲೆ ಆಗುತ್ತಾ?

ಸ್ವಲ್ಪ ಆಗುತ್ತದೆ. ಆದರೆ ಯೋಚಿಸಿ ನೋಡಿ, ಈಗ ನೀವು ಬಿಸಿಲಿಗೆ ಹೆದರಿ ಕರ್ಟನ್ ಎಳೆದು, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದೀರಿ. ಜಾಲಿ ಇದ್ದರೆ ಕರ್ಟನ್ ತೆಗೆದಿಡಬಹುದು, ಗಾಳಿಯೂ ಬರುತ್ತದೆ.

ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮಾಮೂಲಿ ಇಟ್ಟಿಗೆಯನ್ನೇ ಸಂದಿ ಬಿಟ್ಟು ಜೋಡಿಸಿ ಗೋಡೆಗೋಡೆಯನ್ನೇ ಜಾಲಿ ಮಾಡಿದರು. ಆ ಕೆಲಸಕ್ಕೆ ವಿಶೇಷ ಸಾಮಾನು ಏನೂ ಬೇಡ, ಕೈ ಪಳಗಿದ ಮೇಸ್ತ್ರಿ ಬೇಕು. ಅಂಗಡಿಯಲ್ಲಿ ಸಿಗುವ ಮಣ್ಣಿನ ಜಾಲಿ, ಸಿಮೆಂಟ್ ಜಾಲಿ ಎರಡೂ ಸರಿಯೇ. ಕೊಳ್ಳುವಾಗ ದಪ್ಪ ನೋಡಿ. ತೂತು ಎರಡಿಂಚು ಇದ್ದು ದಪ್ಪ ನಾಲ್ಕಿಂಚು ಇದ್ದರೆ ಓರೆ ಬಿಸಿಲು ಚೆನ್ನಾಗಿ ನಿಲ್ಲುತ್ತದೆ. ತೆಳು ತಗಡಿನಲ್ಲಿ ಲೇಸರ್‌ನಿಂದ ನವಿಲು, ಎಲೆ ಕೊರೆದ ಜಾಲಿ ಬರುತ್ತದಲ್ಲ, ಅದಕ್ಕೆ ದಪ್ಪವೇ ಇಲ್ಲ. ತೂತು ಎಷ್ಟಿದೆಯೋ ಅಷ್ಟು ಬಿಸಿಲು ನೇರ ಒಳಗೆ. ನವಿಲಿನ ನೆರಳು ನೆಲದ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ ಲಾಭ.

ಜಾಲಿಯ ಒಳಮೈಗೆ ತಿಳಿ ಬಣ್ಣ ಇರಲಿ. ಧೂಳು ಒರೆಸಲು ಕೈ ಹೋಗುವ ಹಾಗಿರಲಿ.

ಯಾವ ಮೆಟೀರಿಯಲ್ ಬಾಳಿಕೆ ಬರುತ್ತದೆ?

ನೀವು ಯಾವ ಊರಿನಲ್ಲಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮಂಗಳೂರು, ಉಡುಪಿ, ಕಾರವಾರದಲ್ಲಿ ಉಪ್ಪುಗಾಳಿ, ಜೊತೆಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೇಲೆ ಮಳೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಲೂವರ್ ಅಲ್ಲಿ ಎರಡು ಮಳೆಗಾಲಕ್ಕೇ ಬೆಸುಗೆ ಇರುವ ಕಡೆಯಿಂದ ತುಕ್ಕು ಬಿಡುತ್ತದೆ. ಅಲ್ಯೂಮಿನಿಯಂ ಹಾಕಿಸಿ. ಸ್ಕ್ರೂ, ಬೋಲ್ಟು 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ. ಸಾವಿರಗಟ್ಟಲೆ ಕೊಟ್ಟು ಅಲ್ಯೂಮಿನಿಯಂ ತರುತ್ತಾರೆ, ಸ್ಕ್ರೂ ಮಾತ್ರ ಮಾಮೂಲಿ ಕಬ್ಬಿಣದ್ದು. ಗೋಡೆ ತುಂಬ ಕಂದು ಕಣ್ಣೀರು.

ಬೆಂಗಳೂರು, ಹಾಸನ, ತುಮಕೂರಿನ ಹವೆಗೆ ಕಬ್ಬಿಣವೂ ನಡೆಯುತ್ತದೆ. ಆದರೆ ಕತ್ತರಿಸಿ, ಬೆಸೆದು, ಉಜ್ಜಿ, ಆಮೇಲೆ ಪ್ರೈಮರ್ ಆಗಬೇಕು. ಪೈಪಿನ ತುದಿಗಳನ್ನು ಮುಚ್ಚಿಸಿ, ಇಲ್ಲದಿದ್ದರೆ ಒಳಗಿನಿಂದ ತಿನ್ನುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಣ್ಣದ ಖರ್ಚು ಲೆಕ್ಕದಲ್ಲಿಟ್ಟುಕೊಳ್ಳಿ.

ಮರ ಚೆಂದ, ಯಾರು ಇಲ್ಲ ಅಂದರು? ಆದರೆ ಪಶ್ಚಿಮದ ಬಿಸಿಲು, ಮಳೆ ಎರಡಕ್ಕೂ ಒಡ್ಡಿದ ಮರ ವರ್ಷವರ್ಷವೂ ಎಣ್ಣೆ ಕೇಳುತ್ತದೆ. ವರ್ಷವರ್ಷವೂ ಎಣ್ಣೆ ಹಚ್ಚುತ್ತೇವೆ ಅಂತ ಗೃಹಪ್ರವೇಶದ ದಿನ ಎಲ್ಲರೂ ಹೇಳುತ್ತಾರೆ.

ಉತ್ತರ ಕರ್ನಾಟಕದವರು ಶಹಾಬಾದ್ ಕಲ್ಲನ್ನು ಮರೆಯಬೇಡಿ. ಗೋಡೆಯೊಳಗೆ ಚೆನ್ನಾಗಿ ಹುದುಗಿಸಿದ ಚಪ್ಪಡಿಯೇ ಸಜ್ಜಾ. ಸೆಂಟ್ರಿಂಗ್ ಬೇಡ, ಬಣ್ಣ ಬೇಡ, ತುಕ್ಕಂತೂ ಇಲ್ಲ.

ಆರ್‌ಸಿಸಿ ಸಜ್ಜಾ ಹಾಕಿಸುವಾಗ ಏನು ನೋಡಬೇಕು?

ಕಂಬಿ ಎಲ್ಲಿದೆ ಅಂತ ನೋಡಿ. ಸಜ್ಜಾ ಒಂದೇ ಕಡೆ ಹಿಡಿತ ಇರುವ ಚಪ್ಪಡಿ. ಅದು ಕೆಳಗೆ ಬಾಗಲು ಹೋದಾಗ ಎಳೆತ ಬೀಳುವುದು ಮೇಲ್ಮೈಗೆ. ಹಾಗಾಗಿ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಬಾರ್ ಬೆಂಡರ್ ಸರಿಯಾಗಿಯೇ ಕಟ್ಟಿರುತ್ತಾನೆ. ಕಾಂಕ್ರೀಟ್ ಹಾಕುವ ದಿನ ಬಾಂಡ್ಲಿ ಹೊತ್ತವರು ಅದರ ಮೇಲೆ ಕಾಲಿಟ್ಟು ಓಡಾಡುತ್ತಾರೆ, ಕಂಬಿ ತಳಕ್ಕೆ ಹೋಗಿ ಕೂರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಲಗೆ ಬಿಚ್ಚಿದಾಗಲೋ, ಎಂದೋ ಒಂದು ದಿನ ಅದರ ಮೇಲೆ ಪೇಂಟರ್ ನಿಂತಾಗಲೋ ಗೋಡೆಯ ಅಂಚಿನಲ್ಲಿ ಬಿರುಕು ಕಾಣುತ್ತದೆ. ಹೀಗೆ ಮುರಿದ ಸಜ್ಜಾವನ್ನು ನಾನೇ ನೋಡಿದ್ದೇನೆ. ಒಡೆದ ಅಂಚಿನಲ್ಲಿ ಎಲ್ಲ ಕಂಬಿಯೂ ಕೆಳಗಡೆ ಸಾಲಾಗಿ ಮಲಗಿದ್ದವು. ಕಾಂಕ್ರೀಟ್ ದಿನ ಅಲ್ಲೇ ನಿಂತು, ಕಂಬಿ ಕುಸಿಯದ ಹಾಗೆ ಕೆಳಗೆ ಆಸರೆ ಇದೆಯಾ ಅಂತ ನೋಡಿ.

ಇನ್ನೊಂದು, ತಳದಲ್ಲಿ ಮುಂದಿನ ಅಂಚಿಗೆ ಹತ್ತಿರ ಉದ್ದಕ್ಕೂ ಒಂದು ಸಣ್ಣ ತೋಡು ಬಿಡಿಸಿ. ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಇಲ್ಲದಿದ್ದರೆ ತಳಕ್ಕೆ ಅಂಟಿಕೊಂಡು ಬಂದು ಕಿಟಕಿ ಚೌಕಟ್ಟಿನೊಳಗೆ ಇಳಿಯುತ್ತದೆ. ಮೇಲ್ಮೈಗೆ ಹೊರಗಿನ ಕಡೆ ಸ್ವಲ್ಪ ಇಳಿಜಾರು ಕೊಡಿಸಿ.

ಲೂವರ್ ಹಾಕಿಸಿದ ಮೇಲೆ ಕಿಟಕಿ ತೆರೆಯುವುದೇ ಇಲ್ಲ, ಏನು ಮಾಡುವುದು?

ನಗಬೇಡಿ, ಇದು ತುಂಬ ಸಲ ಆಗುತ್ತದೆ. ನಮ್ಮ ಮರದ ಕಿಟಕಿಗೆ ಗ್ರಿಲ್ ಒಳಗೆ, ಬಾಗಿಲು ಹೊರಕ್ಕೆ. ಎರಡಡಿ ಬಾಗಿಲು ಹೊರಕ್ಕೆ ತೆರೆಯುತ್ತದೆ ಅಂದರೆ ಲೂವರ್ ಅದಕ್ಕಿಂತ ಮುಂದಿರಬೇಕು. ಇಲ್ಲವೇ ಕಿಟಕಿ ಸ್ಲೈಡಿಂಗ್ ಆಗಿರಬೇಕು. ಇದನ್ನು ಕಾಗದದ ಮೇಲೆ ಇರುವಾಗಲೇ ತೀರ್ಮಾನಿಸಿ.

ಗಾಜು ಒರೆಸುವುದು ಹೇಗೆ ಅನ್ನುವುದೂ ಆಗಲೇ ಇತ್ಯರ್ಥವಾಗಲಿ. ಜೊತೆಗೆ, ರೂಮಿಗೊಂದಾದರೂ ಕಡೆ ಲೂವರ್, ಗ್ರಿಲ್ ಎರಡೂ ತೆರೆಯಲು ಬರಬೇಕು. ಬೆಂಕಿ ಅವಘಡ ಆದರೆ ಹೊರಗೆ ಬರಲು ಒಂದು ದಾರಿ ಬೇಕಲ್ಲ.

ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದರೂ ಓನರ್ ಬೈತಾರೆ.

ಬಿದಿರು ತಟ್ಟಿ ತನ್ನಿ. ಬಾಲ್ಕನಿಯ ಸೀಲಿಂಗ್‌ನಲ್ಲಿ ಬಟ್ಟೆ ಒಣಹಾಕುವ ಕೊಕ್ಕೆಗಳು ಹೇಗೂ ಇರುತ್ತವೆ, ಅದಕ್ಕೇ ಕಟ್ಟಿ. ಕೆಳತುದಿಯನ್ನು ರೇಲಿಂಗ್‌ಗೆ ಬಿಗಿಯಿರಿ, ಇಲ್ಲದಿದ್ದರೆ ರಾತ್ರಿಯೆಲ್ಲ ಟಪಟಪ ಬಡಿಯುತ್ತದೆ. ಎರಡು ಮೂರು ವರ್ಷ ಬರುತ್ತದೆ, ಮನೆ ಬದಲಿಸಿದರೆ ಸುತ್ತಿಕೊಂಡು ಹೋಗಬಹುದು.

ಇನ್ನೂ ಅಗ್ಗದ್ದು ಬೇಕಾದರೆ ನರ್ಸರಿಗೆ ಹಾಕುವ ಹಸಿರು ನೆಟ್. ಶೇ. 50, 75, 90 ಅಂತ ನೆರಳಿನ ಲೆಕ್ಕದಲ್ಲಿ ಸಿಗುತ್ತದೆ. ಮನೆಗೆ 75 ಸಾಕು. ಬಿಸಿಲು ತಾಳುವ ಯುವಿ ಗುಣ ಇದೆಯಾ ಅಂತ ಕೇಳಿ, ಇಲ್ಲದ್ದು ಒಂದೇ ಬೇಸಿಗೆಗೆ ಪುಡಿಯಾಗಿ ಉದುರುತ್ತದೆ. ಗೋಡೆಗೆ ತಾಗಿಸಿ ಕಟ್ಟಬೇಡಿ. ಅರ್ಧ ಅಡಿಯಾದರೂ ಸಂದಿ ಇದ್ದರೆ ಬಿಸಿಗಾಳಿ ಮೇಲೆ ಹೋಗುತ್ತದೆ.

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೆ ಮೊದಲೇ ಒಂದು ಮೇಲ್ ಹಾಕಿ. ಹೊರಗಿನ ನೋಟ ಒಂದೇ ಥರ ಇರಬೇಕು ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ. ತಟ್ಟಿಯ ಬಣ್ಣ ಒಂದನ್ನು ಎಲ್ಲರೂ ಸೇರಿ ಆರಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ನೀರು ಚಿಮುಕಿಸುವ ಲಾವಂಚದ ಬೇರಿನ ತಟ್ಟಿ ಈಗಲೂ ಹಾಕಬಹುದಾ?

ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಧಾರಾಳವಾಗಿ. ಒಣಹವೆಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ, ಪರಿಮಳ ಪುಕ್ಕಟೆ. ಮಂಗಳೂರಿನಲ್ಲಿ ಬೇಡ. ಗಾಳಿಯಲ್ಲಿ ಆಗಲೇ ನೀರು ತುಂಬಿದೆ, ಇನ್ನೂ ಒದ್ದೆ ಮಾಡಿದರೆ ಸೆಕೆ ಜಾಸ್ತಿಯಾಗುತ್ತದೆ, ತಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಗಿಡ, ಬಳ್ಳಿ?

ಜಾಗ ಇದ್ದರೆ ಮೊದಲ ಆಯ್ಕೆ ಅದೇ. ಪಶ್ಚಿಮಕ್ಕೆ ಒಂದು ಹೊಂಗೆ ನೆಟ್ಟರೆ ಬೇಸಿಗೆ ಕಾಯುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ನಿಂತಿರುತ್ತದೆ. ಯುಗಾದಿ ಹೊತ್ತಿನ ಹೊಂಗೆಯ ಆ ತಿಳಿಹಸಿರನ್ನು ಯಾವ ಪೇಂಟ್ ಕಂಪನಿಯೂ ಕಲಸಿಲ್ಲ. ಪಾಯಕ್ಕೆ ತೀರಾ ಹತ್ತಿರ ಬೇಡ.

ಜಾಗ ಇಲ್ಲದಿದ್ದರೆ ಮಹಡಿಯ ಅಂಚಿನಿಂದ ಕರ್ಟನ್ ಕ್ರೀಪರ್ ಇಳಿಬಿಡಿ. ಬೆಂಗಳೂರಿನ ಎಷ್ಟೋ ಬಾಲ್ಕನಿಗಳಲ್ಲಿ ಜಡೆಯ ಹಾಗೆ ಇಳಿಬಿದ್ದಿರುತ್ತದಲ್ಲ, ಅದು. ಕೆಳಗಿನಿಂದ ಹಬ್ಬಿಸುವುದಾದರೆ ತಂತಿ ಕಟ್ಟಿ ತೊಂಡೆ, ಹಾಗಲ, ಪ್ಯಾಶನ್ ಫ್ರೂಟ್ ಬಿಡಿ. ನೆರಳಿನ ಜೊತೆ ಪಲ್ಯಕ್ಕೂ ಆಯಿತು. ಬಳ್ಳಿ ಗೋಡೆಗೆ ಅಂಟದೆ ತಂತಿ ಮೇಲೆಯೇ ಇರಲಿ.

ಪಾರಿವಾಳ ಬರುತ್ತದೆ ಅಂತಾರೆ, ನಿಜಾನಾ?

ನಿಜ. ಅಗಲದ, ಮಟ್ಟಸ ಪಟ್ಟಿ ಅಂದರೆ ಅದಕ್ಕೆ ರೆಡಿಮೇಡ್ ಮನೆ. ಓರೆ ಪಟ್ಟಿಯ ಮೇಲೆ ಗೂಡು ನಿಲ್ಲುವುದಿಲ್ಲ, 45 ಡಿಗ್ರಿಗೆ ಇದು ಇನ್ನೊಂದು ಕಾರಣ. ಲೂವರ್‌ಗೂ ಗೋಡೆಗೂ ನಡುವಿನ ಸಂದಿಯನ್ನು ಮೇಲೆ, ಪಕ್ಕದಲ್ಲಿ ನೆಟ್‌ನಿಂದ ಮುಚ್ಚಿ. ಎತ್ತರದ ಕಟ್ಟಡಗಳ ಸಜ್ಜಾ ತಳದಲ್ಲಿ ಹೆಜ್ಜೇನು ಕಟ್ಟುವುದೂ ಉಂಟು. ಬೆಂಕಿ, ಹೊಗೆ ಅಂತ ನೀವೇ ಕೈಹಾಕಬೇಡಿ, ಕೊಲ್ಲದೆ ಸ್ಥಳಾಂತರ ಮಾಡುವವರನ್ನು ಕರೆಸಿ.

ಇದೆಲ್ಲ ರಗಳೆ. ಗಾಜಿಗೆ ಸುಮ್ನೆ ಕಪ್ಪು ಫಿಲಂ ಅಂಟಿಸಿದರೆ ಆಗಲ್ವಾ?

ಸ್ವಲ್ಪ ಆಗುತ್ತದೆ. ಶಾಖಕ್ಕಿಂತ ಜಾಸ್ತಿ ಬೆಳಕನ್ನು ಕಡಿಮೆ ಮಾಡುವ ಫಿಲಂಗಳೇ ಹೆಚ್ಚು. ಕಡು ಫಿಲಂ ಬಿಸಿಲನ್ನು ತಾನೇ ಹೀರಿ ಗಾಜನ್ನು ಕಾಯಿಸುತ್ತದೆ. ಅಂಚು ನೆರಳಿನಲ್ಲಿದ್ದು ನಡುಭಾಗ ಕಾದರೆ ಗಾಜು ಸೀಳುವುದೂ ಇದೆ, ಎರಡು ಪದರದ ಗಾಜಿನಲ್ಲಿ ಇನ್ನೂ ಜಾಸ್ತಿ. ಹೊಸ ಮನೆಯಾದರೆ ಶಾಖ ಕಡಿಮೆ ಬಿಡುವ ಗಾಜನ್ನೇ ಆರಿಸಿ, ನೆರಳನ್ನೂ ಕೊಡಿ.

ಮೋಟಾರಿನ ಹೊರ ಸ್ಕ್ರೀನ್ ಹೇಗೆ?

ಚೆನ್ನಾಗಿವೆ, ದುಬಾರಿ. ಬಟ್ಟೆಯ ಎರಡೂ ಅಂಚು ಪಕ್ಕದ ಕಂಬಿಯೊಳಗೆ ಜಾರುವಂಥದ್ದನ್ನೇ ತೆಗೆದುಕೊಳ್ಳಿ, ಗಾಳಿಗೆ ಹಾರಾಡುವುದಿಲ್ಲ. ಗಾಳಿ ಜೋರಾದಾಗ ತಾನೇ ಮೇಲೆ ಸುತ್ತಿಕೊಳ್ಳುವ ಸೆನ್ಸರ್ ಇದ್ದರೆ ಒಳ್ಳೆಯದು. ಕರೆಂಟು ಹೋದಾಗ ಕೈಯಲ್ಲಿ ಎತ್ತಲು ಹ್ಯಾಂಡಲ್ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ. ಆಮೇಲೆ ಕೇಳಿದರೆ ಅದಕ್ಕೆ ಬೇರೆ ಬಿಲ್ಲು.

ಗಾಳಿಗೆ ಕಿತ್ತುಕೊಂಡು ಹೋದರೆ?

ಗಾಳಿಯ ಹೊಡೆತಕ್ಕೆ ಅಂತಲೇ ಭಾರತೀಯ ಮಾನಕ 875ರ ಮೂರನೇ ಭಾಗ ಇದೆ. ಅದರಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗ ಹಿಡಿಯಬೇಕು. ಗಂಟೆಗೆ ಲೆಕ್ಕ ಹಾಕಿದರೆ 120 ಮತ್ತು 140 ಕಿಲೋಮೀಟರ್ ಹತ್ತಿರ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮುಂಚಿನ ಗಾಳಿಯನ್ನು ನೆನೆಸಿಕೊಳ್ಳಿ. ಟೊಳ್ಳು ಇಟ್ಟಿಗೆ, ಹಗುರ ಬ್ಲಾಕ್ ಗೋಡೆಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಲೂವರ್ ನೇತುಹಾಕಿದರೆ ಅದು ನಿಲ್ಲುವುದಿಲ್ಲ. ಲಿಂಟಲ್‌ಗೋ (ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ) ಕಾಲಮ್‌ಗೋ ಹಿಡಿತ ಕೊಡಿ. ಎರಡನೇ ಮಹಡಿಗಿಂತ ಮೇಲೆ ಅಂದರೆ ಇಂಜಿನಿಯರ್ ಲೆಕ್ಕ ಇಲ್ಲದೆ ಕೆಲಸ ಶುರು ಮಾಡಬೇಡಿ.

ಸಜ್ಜಾಗೆ ಕಾನೂನು ಏನಾದರೂ ಇದೆಯಾ?

ಸುತ್ತ ಬಿಡಬೇಕಾದ ಜಾಗದ ಮೇಲೆ 0.75 ಮೀಟರ್, ಅಂದರೆ ಎರಡೂವರೆ ಅಡಿಯವರೆಗೆ ಸಜ್ಜಾ ಚಾಚಲು ರಾಷ್ಟ್ರೀಯ ಕಟ್ಟಡ ಸಂಹಿತೆ ಬಿಡುತ್ತದೆ. ನಿಮ್ಮ ಊರಿನ ಬೈಲಾದಲ್ಲಿ ಎಷ್ಟಿದೆ ಅಂತ ಪ್ಲಾನ್ ಮಾಡಿದವರನ್ನು ಕೇಳಿ. ಪಕ್ಕದವರ ಗಡಿ ಮೇಲೆ ಹೋಗಬಾರದು ಅನ್ನುವುದಕ್ಕೆ ಬೈಲಾ ನೋಡಬೇಕಿಲ್ಲ, ನಿಮ್ಮ ಸಜ್ಜಾ ನೀರು ಅವರ ಕಾಂಪೌಂಡಿಗೆ ಬಿದ್ದರೆ ಅವರೇ ಬಂದು ಹೇಳುತ್ತಾರೆ.

ವಾಸದ ಕಟ್ಟಡಗಳಿಗೆ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಅಂತ ಒಂದಿದೆ. ಗೋಡೆ, ಕಿಟಕಿ ಸೇರಿ ಒಳಗೆ ಬಿಡುವ ಶಾಖ ಚದರ ಮೀಟರ್‌ಗೆ 15 ವ್ಯಾಟ್ ದಾಟಬಾರದು ಅನ್ನುವುದು ಅದರ ಲೆಕ್ಕ. ಕಿಟಕಿಗೆ ಹೊರಗೆ ನೆರಳು ಕೊಟ್ಟರೆ ಆ ಲೆಕ್ಕದಲ್ಲಿ ಅದೂ ಸೇರುತ್ತದೆ.

ಕಿಟಕಿಗೆಲ್ಲ ನೆರಳಾಯಿತು. ಆದರೂ ರಾತ್ರಿ ಹತ್ತಕ್ಕೆ ರೂಮು ಕುದಿಯುತ್ತದೆ, ಯಾಕೆ?

ಅದು ಗೋಡೆಯ ಕೆಲಸ. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸಂಜೆ ಕುಡಿದ ಬಿಸಿಲನ್ನು ಐದಾರು ಗಂಟೆ ಬಿಟ್ಟು ಒಳಗೆ ಉಗುಳುತ್ತದೆ, ಸರಿಯಾಗಿ ನೀವು ಮಲಗುವ ಹೊತ್ತಿಗೆ. ಪಶ್ಚಿಮದ ಗೋಡೆಗೆ ತಿಳಿ ಬಣ್ಣ ಹೊಡೆಸಿ. ಬಳ್ಳಿ, ಜಾಲಿಯನ್ನು ಕಿಟಕಿಗೆ ಮಾತ್ರ ನಿಲ್ಲಿಸದೆ ಗೋಡೆಯ ಮುಂದೂ ಹಬ್ಬಿಸಿ. ಹಾಸಿಗೆಯ ತಲೆದೆಸೆ ಆ ಗೋಡೆಗಿದ್ದರೆ ಇವತ್ತೇ ತಿರುಗಿಸಿ, ಇದಕ್ಕೆ ಖರ್ಚಿಲ್ಲ. ಮೇಲ್ಮಹಡಿಯಾದರೆ ತಾರಸಿಯದೇ ದೊಡ್ಡ ಪಾಲು, ಅದು ಬೇರೆಯೇ ಕಥೆ.

ಹಳೇ ಬೆಂಗಳೂರಿನ ಮನೆಗಳಿಗೆ ಇದ್ದ ಚೂಪು ಮರದ ಮುಸುಕು ನಮಗೂ ಮಾಡಿಸಬಹುದಾ?

ಮಂಕಿ ಟಾಪ್! ಮಾಡಿಸಬಹುದು. ಮೇಲೆ ಇಳಿಜಾರಿನ ಹೆಂಚು, ಮುಂದೆ ಮತ್ತು ಪಕ್ಕದಲ್ಲಿ ಇಳಿಬಿದ್ದ ಮರದ ಪಟ್ಟಿ. ಮೇಲಿನಿಂದ, ಎದುರಿನಿಂದ, ಓರೆಯಿಂದ, ಮೂರೂ ಕಡೆಯ ಬಿಸಿಲನ್ನು ತಡೆಯುವ ಏರ್ಪಾಡು ಅದು. ಅಲಂಕಾರ ಅಂದುಕೊಂಡವರೇ ಜಾಸ್ತಿ. ಈಗ ಅಂಥ ಮರಗೆಲಸ ಮಾಡುವ ಕೈಗಳು ಕಡಿಮೆ, ಕೂಲಿ ಜಾಸ್ತಿ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಅದೇ ಆಕಾರ ಮಾಡಿಸಿದ್ದನ್ನು ನೋಡಿದ್ದೇನೆ, ಕೆಲಸ ಮಾಡುತ್ತದೆ. ಕಣ್ಣಿಗೆ ಹಿಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೈಯಲ್ಲಿ ಸ್ವಲ್ಪವೇ ದುಡ್ಡಿದೆ. ಮೊದಲು ಯಾವುದು?

ಪಶ್ಚಿಮದ ಬೆಡ್‌ರೂಮಿನ ಕಿಟಕಿ. ಆಮೇಲೆ ಪಶ್ಚಿಮದ ಅಡುಗೆಮನೆ. ದಕ್ಷಿಣ ಕೊನೆಗೆ.

ಲೂವರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ವಾರ ಹಳೇ ಬೆಡ್‌ಶೀಟ್ ಒಂದನ್ನು ಆ ಕಿಟಕಿಯ ಹೊರಗೆ, ಗಾಜಿಗೆ ತಾಗದ ಹಾಗೆ ಕಟ್ಟಿ. ಬಿಳಿಯದೇ ಇರಲಿ. ಸಂಜೆ ಆರಕ್ಕೆ ಒಳಗಿನಿಂದ ಗಾಜಿನ ಮೇಲೆ ಅಂಗೈ ಇಡಿ, ಶೀಟ್ ಇಲ್ಲದ ಪಕ್ಕದ ಕಿಟಕಿಯ ಮೇಲೂ ಇಡಿ. ಓಣಿಯವರು ಏನಿದು ಅಂತ ಕೇಳಿದರೆ ಬಟ್ಟೆ ಒಣಹಾಕಿದ್ದೇವೆ ಅನ್ನಿ.